ಭಟ್ಟರ ಆರಿದ ಗಂಜಿ

ಹೋದ ಭಾನುವಾರ ಮಗಳ ಜೊತೆ ಇಲ್ಲಿ ಅಮೆರಿಕದ ಸನ್ನಿವೇಲಿನಲ್ಲಿರುವ ನಮ್ಮ ಕಡೆಯ ಸಾಮಾನಿನ ಅಂಗಡಿಗೆ ಹೋಗಿದ್ದೆ. ಅಕ್ಕಿಯ ಸಾಲಿನಲ್ಲಿ ಒಂದು ಚೀಲ ಹರಿದು ಕೆಂಪು ಕುಚ್ಚಲಕ್ಕಿ ನೆಲದ ಮೇಲೆಲ್ಲ ಚೆಲ್ಲಿತ್ತು. ಕುಚ್ಚಲಕ್ಕಿಗೆ ಅದರದೇ ಒಂದು ವಾಸನೆಯಿದೆ. ಬಲ್ಲವರಿಗೆ ಹೇಳಬೇಕಾಗಿಲ್ಲ, ಅರಿಯದವರಿಗೆ ತಿಳಿಸುವುದು ಕಷ್ಟ. ನೆನೆದ ಗೋಣಿಚೀಲವನ್ನು ಒಲೆಯ ಪಕ್ಕ ಒಣಗಲು ಹಾಕಿದ ಹಾಗೆ ಎನ್ನಬಹುದು. ನಾನು ಹಾಸನದ ಕಡೆಯವಳು, ನಮ್ಮ ಮನೆಯಲ್ಲಿ ಆ ಅಕ್ಕಿಯನ್ನು ಬೇಯಿಸಿದವರಿಲ್ಲ. ಆದರೂ ಅದು ಮೂಗಿಗೆ ತಾಗಿದ್ದೇ ತಡ, ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಗಾಡಿ ತಳ್ಳಿಕೊಂಡು ಮುಂದೆ ಹೋಗಿದ್ದ ದೀಪಾ ತಿರುಗಿ ಬಂದು, "ಅಮ್ಮಾ, ಆರ್ ಯು ಓಕೆ?" ಎಂದಳು. ನನ್ನ ವಯಸ್ಸಿನವರು ಅಂಗಡಿಯಲ್ಲಿ ಸುಮ್ಮನೆ ನಿಂತರೂ ಮಕ್ಕಳಿಗೆ ಗಾಬರಿ. "ಏನಿಲ್ಲ ಕಣೆ, ಭಟ್ರು ನೆನಪಾದ್ರು," ಎಂದೆ.

ನಿಮಗೆ ಭಟ್ಟರ ಪರಿಚಯ ಮಾಡಿಕೊಡುವ ಮೊದಲು ಆಗಿನ ಊರಿನ ಪರಿಚಯ ಮಾಡಿಕೊಡಬೇಕು, ಏಕೆಂದರೆ ಈಗ ಆ ಊರೂ ಇಲ್ಲ. ಎಂಬತ್ತರ ದಶಕದ ನಡುವಿನ ಮಾತು. ನಾವಿದ್ದ ಅಪಾರ್ಟ್‌ಮೆಂಟಿನ ಹಿಂದೆ ಒಂದು ಏಪ್ರಿಕಾಟ್ ತೋಟವಿತ್ತು. ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳ ನಡುವೆ ಅಲ್ಲೊಂದು ಇಲ್ಲೊಂದು ಇಂಥ ತೋಟಗಳು ಉಳಿದುಕೊಂಡಿದ್ದವು. ಚಳಿಗಾಲದಲ್ಲಿ ಆ ಮರಗಳು ಕಪ್ಪು ಕಡ್ಡಿಗಳಾಗಿ ನಿಂತಿರುತ್ತಿದ್ದವು. ಬೆಳಿಗ್ಗೆ ಪಶ್ಚಿಮದ ಗುಡ್ಡಗಳಿಂದ ಮಂಜು ಇಳಿದು ಬಂದು ಕಡ್ಡಿಗಳ ನಡುವೆ ಸಿಕ್ಕಿಕೊಂಡು, ಹತ್ತು ಗಂಟೆಯ ಹೊತ್ತಿಗೆ ಹೇಗೋ ಬಿಡಿಸಿಕೊಂಡು ಹೋಗುತ್ತಿತ್ತು. ಒಂದು ಇಡೀ ಚಳಿಗಾಲ ನಾನು ಸೋಫಾದ ಮೇಲೆ ಮಲಗಿ ಇದನ್ನೇ ನೋಡಿದ್ದೇನೆ. ಆ ತಿಂಗಳುಗಳಲ್ಲಿ ನಿಜವಾಗಿ ಕಂಡದ್ದು ಯಾವುದು, ಔಷಧಿಯ ಮಂಪರಿನಲ್ಲಿ ಕಂಡದ್ದು ಯಾವುದು ಎಂದು ಈಗ ಬೇರ್ಪಡಿಸಲು ಹೋದರೆ ಆಗುವುದಿಲ್ಲ. ನೀವು ಸ್ವಲ್ಪ ಹೊಂದಿಸಿಕೊಂಡು ಓದಬೇಕು.

ನನಗಾಗ ಮೂವತ್ಮೂರು ವರ್ಷ. ದೀಪಾಳಿಗೆ ಐದು. ಊರಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಅರ್ಧ ದಿನದ ಕೆಲಸ ನನಗಿತ್ತು. ಒಂದು ದಿನ ಸ್ನಾನ ಮಾಡುವಾಗ ಎಡಗಡೆಯ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಆಮೇಲಿನದೆಲ್ಲ ಬೇಗ ಬೇಗ ಆಯಿತು. ಅಕ್ಟೋಬರಿನಲ್ಲಿ ಆಪರೇಷನ್ನು, ನವೆಂಬರಿನಿಂದ ಮೂರು ವಾರಕ್ಕೊಮ್ಮೆ ರಕ್ತನಾಳಕ್ಕೆ ಔಷಧಿ. ಆಗ ನಮ್ಮವರು ಯಾರೂ ಕ್ಯಾನ್ಸರ್ ಎಂಬ ಶಬ್ದವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಅದಂತೆ" ಎನ್ನುತ್ತಿದ್ದರು. ಬರುತ್ತಿದ್ದವರು ಬರುವುದನ್ನು ಕಡಿಮೆ ಮಾಡಿದರು. ಒಬ್ಬ ಗೆಳತಿಯ ಮನೆಯಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಬಂದಾಗ ನನಗೆ ಮಾತ್ರ ಕಾಗದದ ಲೋಟದಲ್ಲಿ ಬಂತು. ಅವಳು ಕೆಟ್ಟವಳಲ್ಲ, ಹೆದರಿದ್ದಳು. ನಾನೂ ಕೆಟ್ಟವಳಲ್ಲ, ಆದರೆ ಮತ್ತೆ ಆ ಮನೆಗೆ ಹೋಗಲಿಲ್ಲ.

ಬಂದವರು ಸಲಹೆ ತರುತ್ತಿದ್ದರು. ಖಾಲಿ ಹೊಟ್ಟೆಗೆ ಹಾಗಲಕಾಯಿ ರಸ. ಬರೀ ದ್ರಾಕ್ಷಿ ತಿಂದುಕೊಂಡು ನಲವತ್ತು ದಿನ. ಗೋಧಿಹುಲ್ಲಿನ ರಸದ ಹುಚ್ಚು ಆಗ ಇಲ್ಲಿ ಜೋರಾಗಿತ್ತು. ಒಬ್ಬರು ಹುಲ್ಲು ಬೆಳೆದ ತಟ್ಟೆಯನ್ನೇ ತಂದು ಕಿಟಕಿಯಲ್ಲಿಟ್ಟು ಹೋದರು. ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಮಿಸೆಸ್ ತನಾಕಾ ಎಂಬಾಕೆ ಇದ್ದರು, ಇಲ್ಲೇ ಹುಟ್ಟಿ ಬೆಳೆದ ಜಪಾನಿ ಮನೆತನದವರು. ಅವರು ಹುಲ್ಲಿನ ವಿಷಯ ಕೇಳಿ, "ನಿಮ್ಮ ರಕ್ತದಲ್ಲಿ ಈಗ ಸೋಂಕನ್ನು ತಡೆಯುವ ಶಕ್ತಿಯಿಲ್ಲ, ಹಸಿಯದೇನೂ ಬೇಡ. ಬೇಯಿಸಿದ್ದು ತಿನ್ನಿ, ಸ್ವಲ್ಪ ಸ್ವಲ್ಪ, ದಿನಕ್ಕೆ ಆರು ಸಲ. ಯಾವ ಆಹಾರವೂ ಇದನ್ನು ವಾಸಿಮಾಡುವುದಿಲ್ಲ. ವಾಸಿಮಾಡುವ ಔಷಧಿಯನ್ನು ತಡೆದುಕೊಳ್ಳುವ ಬಲ ಕೊಡುತ್ತದೆ ಅಷ್ಟೆ," ಎಂದರು. ಹುಲ್ಲನ್ನು ಪಕ್ಕದ ಮನೆಯ ಬೆಕ್ಕು ತಿಂದಿತು. ಅದು ಬಹಳ ಕಾಲ ಬದುಕಿತು ಎಂಬುದನ್ನು ಹುಲ್ಲಿನ ಪರವಾಗಿ ಇಲ್ಲಿ ಹೇಳಿಬಿಡುತ್ತೇನೆ.

ತಿನ್ನಬೇಕು ಎಂದರೆ ಹೇಗೆ ತಿನ್ನುವುದು? ಮೊದಲು ನಾನು ತಿಂಡಿಪೋತಿ. ಪಕ್ಕದ ಬೀದಿಯಲ್ಲಿ ಇಂಗಿನ ಒಗ್ಗರಣೆ ಬಿದ್ದರೂ ಮೂಗರಳಿಸುತ್ತಿದ್ದವಳು. ಈಗ ಒಗ್ಗರಣೆಯ ವಾಸನೆ ಬಂದರೆ ಬಚ್ಚಲುಮನೆಗೆ ಓಡುತ್ತಿದ್ದೆ. ಬಾಯಲ್ಲಿ ಹುಣ್ಣು, ಏನಿಟ್ಟರೂ ಕಬ್ಬಿಣ ನೆಕ್ಕಿದ ರುಚಿ. ತೂಕ ಇಳಿಯುತ್ತಲೇ ಹೋಯಿತು. ನಮ್ಮ ಮನೆಯವರು ಎಂಜಿನಿಯರು. ದುಃಖವಾದರೆ ಗ್ರಾಫ್ ಬರೆಯುವ ಜಾತಿ. ನನ್ನ ತೂಕದ ಗ್ರಾಫನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಇನ್ನು ನಾಲ್ಕು ಪೌಂಡು ಇಳಿದರೆ ಔಷಧಿಯನ್ನು ಮುಂದೂಡಬೇಕಾಗುತ್ತದೆ, ಮುಂದೂಡುವುದು ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ ದಿನ ಅವರು ಆ ಗ್ರಾಫಿನಲ್ಲಿ ಒಂದು ಕೆಂಪು ಗೆರೆ ಎಳೆದರು. ನಾನು ಮುಂದಿನ ಸಲ ದಪ್ಪ ಕೋಟು ಹಾಕಿಕೊಂಡು, ಬೂಟು ಮೆಟ್ಟಿಕೊಂಡು ತೂಕಕ್ಕೆ ನಿಂತೆ. ನರ್ಸು ನಕ್ಕು, ಬೂಟು ಕಳಚಿ ಎಂದಳು. ಕೋಟಿನ ಜೇಬಿನಲ್ಲಿದ್ದ ಎರಡು ಬೀಗದಕೈ ಗೊಂಚಲುಗಳನ್ನೂ ಅವಳೇ ತೆಗೆದಿಟ್ಟಳು.

ಭಟ್ಟರು ಬಂದದ್ದು ಆ ವಾರ.

ನಮ್ಮ ಮನೆಯವರ ಆಫೀಸಿನಲ್ಲಿ ಮಂಗಳೂರಿನ ಒಬ್ಬರಿದ್ದರು. ಅವರ ತಂದೆ ವಾಸುದೇವ ಭಟ್ಟರು. ನಲವತ್ತು ವರ್ಷ ಮಂಗಳೂರಿನ ಒಂದು ಹೋಟೆಲಿನಲ್ಲಿ ಮುಖ್ಯ ಅಡುಗೆಯವರಾಗಿದ್ದು, ಹೆಂಡತಿ ತೀರಿಕೊಂಡ ಮೇಲೆ ಕ್ಯುಪರ್ಟಿನೋಗೆ ಮಗನ ಮನೆಗೆ ಬಂದಿದ್ದರು. ಬಂದ ಮೂರನೆಯ ದಿನ ಅವರು ಹಾಕಿದ ಒಣಮೆಣಸಿನ ಒಗ್ಗರಣೆಗೆ ಹೊಗೆಯ ಅಲಾರಮ್ಮು ಕೂಗಿ ಫೈರ್ ಇಂಜಿನ್ನೇ ಬಂದಿತ್ತು. ಸೊಸೆ ಒಳ್ಳೆಯ ಹುಡುಗಿ, ಬೈಯಲಿಲ್ಲ. ಆದರೆ ಒಲೆಯ ಹತ್ತಿರ ಹೋಗಬೇಡಿ ಎಂದಳು. ಆಮೇಲೆ ಅವರು ಹಿತ್ತಿಲ ಕುರ್ಚಿಯಲ್ಲಿ ಕೈಕಟ್ಟಿ ಕೂತಿರುತ್ತಿದ್ದರಂತೆ. ನನ್ನ ವಿಷಯ ಮಗನ ಬಾಯಲ್ಲಿ ಕೇಳಿ, "ನಾನು ಹೋಗ್ತೇನೆ," ಎಂದು ಎದ್ದರಂತೆ. ಒಂದೂವರೆ ಮೈಲಿ ನಡೆದು ಬಂದರು. ಪಂಚೆ, ಅದರ ಮೇಲೆ ಮಗನ ಸ್ವೆಟರು, ತಲೆಗೆ ಮಫ್ಲರು, ಕೈಯಲ್ಲಿ ಊರಿಂದ ತಂದ ಕುಚ್ಚಲಕ್ಕಿಯ ಚೀಲ. ಕಾರಲ್ಲದೆ ಯಾರೂ ಓಡಾಡದ ರಸ್ತೆಯಲ್ಲಿ ಮಂಜಿನೊಳಗಿಂದ ಅವರು ನಡೆದು ಬರುವುದನ್ನು ಕಿಟಕಿಯಿಂದ ಕಂಡಾಗ, ಇದು ಔಷಧಿಯ ಮಂಪರಿನಲ್ಲಿ ಕಂಡ ದೃಶ್ಯ ಎಂದೇ ನಾನು ತಿಳಿದಿದ್ದೆ.

"ಗಂಜಿ ಮಾಡ್ತೇನೆ ಅಮ್ಮ. ಗಂಜಿ ಬೇಡ ಅನ್ನುವ ಹೊಟ್ಟೆ ನಾನು ಕಂಡಿಲ್ಲ," ಎಂದರು.

ಅಂದು ಕಂಡರು. ಹೊಗೆಯಾಡುವ ಬಿಸಿ ಗಂಜಿ, ಪಕ್ಕದಲ್ಲಿ ಸಾಸಿವೆ ಸಿಡಿಸಿದ ಚಟ್ನಿ. ನಾನು ಮೂಗು ಮುಚ್ಚಿಕೊಂಡು ಒಳಗೆ ಓಡಿದೆ. ತಿರುಗಿ ಬಂದಾಗ ಅವರು ಬಟ್ಟಲನ್ನು ಹಿಡಿದುಕೊಂಡೇ ನಿಂತಿದ್ದರು. ಒಂದು ಸಲಕ್ಕೆ ಇನ್ನೂರು ಜನಕ್ಕೆ ಬಡಿಸಿ ಗೊತ್ತಿದ್ದ ಆ ದೊಡ್ಡ ಕೈಗಳಲ್ಲಿ ನಮ್ಮ ಮನೆಯ ಬಟ್ಟಲು ಆಟದ ಸಾಮಾನಿನಂತೆ ಕಾಣುತ್ತಿತ್ತು. ನನಗೆ ಪಾಪ ಎನ್ನಿಸಿತು. ಆ ಪಾಪದಿಂದಲೇ ತಪ್ಪು ಶುರುವಾಯಿತು. "ಅಲ್ಲಿಟ್ಟಿರಿ ಭಟ್ರೇ, ಆಮೇಲೆ ಕುಡೀತೀನಿ," ಎಂದೆ. ಅವರು ಹೋದ ಮೇಲೆ ಸಿಂಕಿಗೆ ಸುರಿದೆ. ಮರುದಿನ, "ತುಂಬಾ ಚೆನ್ನಾಗಿತ್ತು, ಪೂರ್ತಿ ಕುಡಿದೆ," ಎಂದೆ. ಹೀಗೆ ಐದು ದಿನ, ಒಂದೆರಡು ಚಮಚ ಬಾಯಿಗಿಟ್ಟು ಉಳಿದದ್ದೆಲ್ಲ ಸಿಂಕಿಗೆ. ನಮ್ಮ ಮನೆಯವರಿಗೂ ಅದನ್ನೇ ಹೇಳಿದೆ. ಅವರು ಗ್ರಾಫಿನ ಮುಂದೆ ನಿಂತು, ಇಷ್ಟು ತಿಂದರೂ ಗೆರೆ ಯಾಕೆ ಇಳಿಯುತ್ತಿದೆ ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ನನಗೆ ನಾಚಿಕೆಯೂ ಆಗುತ್ತಿತ್ತು, ಬೇರೆ ದಾರಿಯೂ ಕಾಣುತ್ತಿರಲಿಲ್ಲ. ಎಲ್ಲರೂ ನನಗಾಗಿ ಇಷ್ಟು ಕಷ್ಟಪಡುವಾಗ ಒಂದು ಲೋಟ ಗಂಜಿ ಕುಡಿಯಲಾರೆ ಎಂದು ಹೇಳುವುದು ಹೇಗೆ?

ಆರನೆಯ ದಿನ ಭಟ್ಟರು ಪಾತ್ರೆ ತೊಳೆಯುತ್ತಾ, ನನ್ನ ಕಡೆ ತಿರುಗದೆ, ಬಹಳ ಮೆಲ್ಲಗೆ ಹೇಳಿದರು. "ಚೆಲ್ಲಿದ ಮೇಲೆ ಸ್ವಲ್ಪ ನೀರು ಬಿಡು. ಗಂಜಿ ಪೈಪಿಗೆ ಕಟ್ಟಿಕೊಳ್ತದೆ."

ಅವರು ಕೈ ಒರೆಸಿಕೊಂಡು ಬಂದು ಸೋಫಾದಲ್ಲಿದ್ದ ನನ್ನ ಎದುರಿಗೆ ಕೂತರು. "ಚೆಲ್ಲುವುದು ತಪ್ಪಲ್ಲ. ಸುಳ್ಳು ಹೇಳ್ಬೇಡ ಮಾರಾಯ್ತಿ. ಅಡುಗೆಯವನಿಗೆ ಬುದ್ಧಿ ಬರುವುದು ಎಂಜಲೆಲೆ ನೋಡಿ. ಹೋಟೆಲಲ್ಲಿ ನಾನು ದಿನಾ ಎಲೆ ಎತ್ತುವ ಜಾಗಕ್ಕೆ ಹೋಗಿ ನೋಡ್ತಿದ್ದೆ, ಯಾವುದು ಉಳೀತು ಅಂತ. ಎಷ್ಟು ಹೋಯ್ತು, ಎಷ್ಟು ಉಳೀತು ಹೇಳು. ನಾಳೆಗೆ ನನಗೆ ಅಳತೆ ಸಿಗ್ತದೆ."

"ಎರಡು ಚಮಚ ಹೋಯ್ತು ಭಟ್ರೇ," ಎಂದೆ.

"ಸಾಕು. ಎರಡು ಚಮಚದ ಗಂಜಿ ಮಾಡುವ."

ಅಲ್ಲಿಯತನಕ ಅವರು ನನ್ನನ್ನು ನೀವು ಎನ್ನುತ್ತಿದ್ದರು. ಅಂದಿನಿಂದ ನೀನು ಎನ್ನತೊಡಗಿದರು. ನನಗೆ ಇದು ಬಹಳ ದಿನಗಳ ಮೇಲೆ ಹೊಳೆಯಿತು.

ಆಮೇಲೆ ಭಟ್ಟರು ತಮ್ಮ ನಲವತ್ತು ವರ್ಷದ ವಿದ್ಯೆಯನ್ನು ಒಂದೊಂದಾಗಿ ಬಿಟ್ಟುಕೊಟ್ಟರು. ಮೊದಲು ಒಗ್ಗರಣೆ ಹೋಯಿತು. ಆಮೇಲೆ ಖಾರ. ಕೊನೆಗೆ ಬಿಸಿಯೂ ಹೋಯಿತು. ಆರಿದ ಅಡುಗೆಗೆ ವಾಸನೆ ಕಡಿಮೆ ಎಂದು ಮಿಸೆಸ್ ತನಾಕಾ ಹೇಳಿದ್ದರು. ಬಿಸಿಬಿಸಿ ಬಡಿಸುವುದನ್ನೇ ಧರ್ಮ ಎಂದುಕೊಂಡಿದ್ದ ಮನುಷ್ಯ ಗಂಜಿಯನ್ನು ಹೊರಗಿನ ವರಾಂಡದಲ್ಲಿ ಮುಚ್ಚಿಟ್ಟು, ಅದು ಆರುವ ತನಕ ಪಕ್ಕದಲ್ಲಿ ಕೂತು ಕಾಯುತ್ತಿದ್ದರು. ಸ್ಟೀಲಿನ ಚಮಚದಿಂದ ಕಬ್ಬಿಣದ ರುಚಿ ಹೆಚ್ಚುತ್ತದೆ ಎಂದು ತಿಳಿದು, ಚೀನಿಯವರ ಅಂಗಡಿಗೆ ಹೋಗಿ ಪಿಂಗಾಣಿ ಚಮಚ ತಂದರು. ಏನು ಕೇಳಿದರೋ, ಯಾವ ಭಾಷೆಯಲ್ಲಿ ಕೇಳಿದರೋ, ಅವರಿಗೇ ಗೊತ್ತು. ಅಕ್ಕಿಯನ್ನು ತರಿಯಾಗಿ ಒಡೆದು, ಹೆಸರುಬೇಳೆ ಸೇರಿಸಿ, ಕರಗುವ ಹಾಗೆ ಬೇಯಿಸಿ, ತುಪ್ಪ ಬೆರೆಸುತ್ತಿದ್ದರು. ಅಮೆರಿಕದ ಬೆಣ್ಣೆಹಣ್ಣನ್ನು ಮೂಸಿ, ಒತ್ತಿ, ಅನುಮಾನದಿಂದ ನೋಡಿ, ದಪ್ಪ ಸಿಪ್ಪೆ ಸುಲಿದ ಹಣ್ಣು ಆಗಬಹುದು ಎಂದು ಮಿಸೆಸ್ ತನಾಕಾ ಹೇಳಿದ ಮೇಲೆ ಅದನ್ನು ಮೊಸರಿನಲ್ಲಿ ಕಿವುಚಿ ಉಪ್ಪು ಹಾಕಿ ಕೊಟ್ಟರು. ಅದು ನನಗೆ ಹಿಡಿಸಿತು. ಊರಿನ ಅಕ್ಕಿ ಮುಗಿದ ಮೇಲೆ ಇಲ್ಲಿನ ಅಂಗಡಿಯ ಬಿಳಿ ಕುಚ್ಚಲಕ್ಕಿಯನ್ನು ತಂದು, "ಇದಕ್ಕೆ ಬಣ್ಣವೂ ಇಲ್ಲ, ಮರ್ಯಾದೆಯೂ ಇಲ್ಲ," ಎಂದು ಬೈದುಕೊಂಡೇ ಬೇಯಿಸಿದರು. ಎರಡು ಚಮಚ ನಾಲ್ಕಾಯಿತು. ಔಷಧಿ ಬಿದ್ದ ವಾರ ಮತ್ತೆ ಒಂದಾಯಿತು. "ಒಂದು," ಎಂದರೆ, "ಒಂದು," ಎಂದು ತಲೆಯಾಡಿಸುತ್ತಿದ್ದರು. ಅದರಲ್ಲಿ ಬೇಸರವಿರುತ್ತಿರಲಿಲ್ಲ.

ಆ ಆಸ್ಪತ್ರೆಯಲ್ಲಿ ಗುರುವಾರದ ಮಧ್ಯಾಹ್ನ ನನ್ನಂಥ ಹೆಂಗಸರು ಏಳೆಂಟು ಜನ ಒಂದು ಕೋಣೆಯಲ್ಲಿ ಸುತ್ತ ಕುರ್ಚಿ ಹಾಕಿಕೊಂಡು ಕೂತು ಮಾತಾಡುತ್ತಿದ್ದರು. ಒಬ್ಬ ನರ್ಸು ಇರುತ್ತಿದ್ದಳು. ನಾನೂ ಎರಡು ಸಲ ಹೋಗಿದ್ದೆ. ಅಪರಿಚಿತರ ಎದುರು ಮನೆಯ ಕಷ್ಟ ಹೇಳಿಕೊಳ್ಳುವುದು ನಮಗೆ ಬರುವುದಿಲ್ಲ. ನನ್ನ ಸರದಿ ಬಂದಾಗ "ಐ ಆಮ್ ಫೈನ್," ಎನ್ನುತ್ತಿದ್ದೆ. ಭಟ್ಟರು ಪೈಪಿನ ಮಾತು ಹೇಳಿದ ವಾರ ಮತ್ತೆ ಹೋದೆ. ಸರದಿ ಬಂತು. ಯಾಕೋ ಆ ದಿನ ಬಾಯಿಗೆ ಬೇರೆ ಮಾತು ಬಂತು. ನಾನು ಊಟವನ್ನು ಸಿಂಕಿಗೆ ಚೆಲ್ಲಿ, ಎಲ್ಲರಿಗೂ ತಿಂದೆ ಎಂದು ಸುಳ್ಳು ಹೇಳುತ್ತಿದ್ದೆ ಎಂದೆ.

ಎದುರಿಗಿದ್ದ ಬೆಟ್ಟಿ ಎಂಬ ಮುದುಕಿ ನಕ್ಕಳು. ಹಣ್ಣುಗಳನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವಳು. "ನಾನು ನಾಯಿಗೆ ಹಾಕ್ತೀನಿ," ಎಂದಳು. "ನಾಯಿ ಎಷ್ಟು ದಪ್ಪವಾಗಿದೆ ಅಂದ್ರೆ ಮೆಟ್ಟಿಲು ಹತ್ತೋದಿಲ್ಲ." ಮತ್ತೊಬ್ಬಳು ಕರವಸ್ತ್ರದಲ್ಲಿ ಸುತ್ತಿ ಕೈಚೀಲದಲ್ಲಿಡುತ್ತೇನೆ ಎಂದಳು. ಎಲ್ಲರೂ ಒಂದೊಂದು ಹೇಳಿದರು. ನಗುತ್ತಾ ನಗುತ್ತಾ ಕೆಲವರಿಗೆ ಅಳು ಬಂತು. ಆ ಕೋಣೆಯಲ್ಲಿ ನಾನು ಮೊದಲ ಸಲ ಕುರ್ಚಿಗೆ ಬೆನ್ನು ಕೊಟ್ಟು ಕೂತೆ.

ಮುಂದಿನ ಗುರುವಾರ ಈ ಕಥೆಯನ್ನು ಭಟ್ಟರಿಗೆ ಹೇಳಿದೆ. ಅವರು ತಡಮಾಡಲಿಲ್ಲ. ದೊಡ್ಡ ಪಾತ್ರೆಯಲ್ಲಿ ಗಂಜಿ ಬೇಯಿಸಿ, ತಿಳಿಯನ್ನು ಬಸಿದು, ಉಪ್ಪು ಹಾಕಿ, ಎರಡು ಥರ್ಮಾಸಿಗೆ ತುಂಬಿ, "ನಾನೂ ಬರ್ತೇನೆ," ಎಂದು ಕಾರಿನಲ್ಲಿ ಕೂತರು. ಮಿಸೆಸ್ ತನಾಕಾ ಮೊದಲು ಒಂದು ಗುಟುಕು ಕುಡಿದು ನೋಡಿದರು. ತಾನು ಚಿಕ್ಕವಳಿದ್ದಾಗ ಜ್ವರ ಬಂದರೆ ಅಮ್ಮ ಇದನ್ನೇ ಮಾಡಿಕೊಡುತ್ತಿದ್ದಳು ಎಂದರು. ಭಟ್ಟರು ಅದು ಅರ್ಥವಾದವರಂತೆ, "ಹೌದು ಹೌದು, ಎಲ್ಲ ಕಡೆ ಉಂಟು," ಎಂದರು. ಬೆಟ್ಟಿ ಅರ್ಧ ಲೋಟ ಕುಡಿದಳು, ಮತ್ತೆ ಕೇಳಿದಳು. ಅಂದಿನಿಂದ ಗುರುವಾರಗಳಂದು ಭಟ್ಟರು ಆ ಕೋಣೆಯ ಮೂಲೆಯಲ್ಲಿ ಕೂತಿರುತ್ತಿದ್ದರು. ಮಾತು ಒಂದೂ ತಿಳಿಯದು. ಆದರೆ ಯಾರ ಲೋಟದಲ್ಲಿ ಎಷ್ಟು ಉಳಿಯಿತು ಎಂಬುದು ಅವರಿಗೆ ತಿಳಿಯುತ್ತಿತ್ತು.

ಫೆಬ್ರವರಿ ಕೊನೆಗೆ ಹಿಂದಿನ ತೋಟ ಹೂಬಿಟ್ಟಿತು. ಕಪ್ಪು ಕಡ್ಡಿಗಳ ಮೇಲೆ ಬಿಳಿಯೂ ಅಲ್ಲದ ಗುಲಾಬಿಯೂ ಅಲ್ಲದ ಹೂ. ಒಂದು ಮಧ್ಯಾಹ್ನ ಭಟ್ಟರು ನನ್ನನ್ನು ವರಾಂಡದಲ್ಲಿ ಕೂರಿಸಿ, ಗಂಜಿ ಆರುವುದನ್ನು ಕಾಯುತ್ತಾ ಕೂತಿದ್ದರು. ಗಾಳಿ ಬೀಸಿದಾಗಲೆಲ್ಲ ಎಸಳುಗಳು ಬೇಲಿ ದಾಟಿ ಬಂದು ನನ್ನ ಕೂದಲಿಲ್ಲದ ತಲೆಯ ಮೇಲೆ ಬೀಳುತ್ತಿದ್ದವು. ತೆಗೆಯಲು ಕೈ ಎತ್ತುವ ಶಕ್ತಿಯಿರಲಿಲ್ಲ, ಮನಸ್ಸೂ ಇರಲಿಲ್ಲ. ಆಗ ಅವರು ಕೇಳದೆಯೇ ಹೇಳತೊಡಗಿದರು.

"ನಮ್ಮ ಪದ್ಮಾವತಿಗೂ ಇದೇ. ಹೊಟ್ಟೆಯಲ್ಲಿ. ಕೊನೆಯ ಆರು ತಿಂಗಳು ನಾನು ದಿನಾ ಹೋಟೆಲಿಂದ ಒಳ್ಳೊಳ್ಳೆಯದು ಮಾಡಿ ತರ್ತಿದ್ದೆ. ಬಿಸಿಬಿಸಿ. ಅವಳು ಅಲ್ಲಿಡಿ ಅಂತಿದ್ದಳು. ಸಂಜೆ ನೋಡಿದ್ರೆ ಹಾಗೇ ಇರ್ತಿತ್ತು. ನನಗೆ ಸಿಟ್ಟು ಬರ್ತಿತ್ತು. ಊರಿಗೆಲ್ಲ ಉಣ್ಣಿಸುವವನ ಹೆಂಡತಿ ಉಣ್ಣುವುದಿಲ್ಲ ಅಂದ್ರೆ ಎಂಥ ಅವಮಾನ ಅಂತ. ಬೈದೂ ಬೈದೆ." ಗಂಜಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದರು. "ಹೋಟೆಲಲ್ಲಿ ಎಲ್ಲರ ಎಲೆ ನೋಡಿದೆ. ಅವಳದ್ದನ್ನು ನೋಡಿದ್ದು ಸಿಟ್ಟು ಮಾಡ್ಲಿಕ್ಕೆ ಮಾತ್ರ."

ನಾನು ಬಟ್ಟಲಿಗೆ ಕೈ ಚಾಚಿದೆ. ಅವರು ಮುಟ್ಟಿ ನೋಡಿ, ಆರಿದೆ ಎಂದು ಕೊಟ್ಟರು. ಅಂದು ಪೂರ್ತಿ ಕುಡಿದೆ. ಅದನ್ನು ಅವರಿಗಾಗಿ ಕುಡಿದೆ ಎಂದು ಹೇಳಿದರೆ ಕಥೆ ಚಂದವಾಗುತ್ತದೆ. ನಿಜವಾಗಿ ಅಂದು ನನಗೆ ಹಸಿವಾಗಿತ್ತು. ನಾಲ್ಕು ತಿಂಗಳಲ್ಲಿ ಮೊದಲ ಸಲ.

ಗ್ರಾಫಿನ ಗೆರೆ ಕೆಂಪು ಗೆರೆಯ ಸ್ವಲ್ಪ ಮೇಲೆಯೇ ತೆವಳುತ್ತಾ ಹೋಯಿತು. ಒಂದು ಔಷಧಿಯನ್ನೂ ಮುಂದೂಡಬೇಕಾಗಲಿಲ್ಲ. ಏಪ್ರಿಲಿನಲ್ಲಿ ಕೊನೆಯದು ಮುಗಿಯಿತು. ಮೇ ತಿಂಗಳಲ್ಲಿ ಭಟ್ಟರು ಊರಿಗೆ ಹೊರಟರು. ಹೊರಡುವ ಹಿಂದಿನ ದಿನ ಬಂದು, ಒಂದು ಒಗ್ಗರಣೆ ಹಾಕಲೇ ಎಂದು ಕೇಳಿ, ಕಿಟಕಿಗಳನ್ನೆಲ್ಲ ತೆರೆದು, ಸಾಸಿವೆ ಸಿಡಿಸಿದರು. ನಾನು ಓಡಲಿಲ್ಲ. ಆ ಬೇಸಿಗೆಯಲ್ಲೇ ಬೆಟ್ಟಿ ತೀರಿಕೊಂಡಳು. ಭಟ್ಟರ ಕಾಗದಗಳು ಕೆಲವು ವರ್ಷ ಬಂದವು. ಪ್ರತಿ ಕಾಗದದಲ್ಲೂ ಒಂದೇ ಪ್ರಶ್ನೆ, ಊಟ ಹೇಗೆ ಹೋಗ್ತದೆ. ಆಮೇಲೆ ಒಂದು ದಿನ ಅವರ ಮಗ ಫೋನ್ ಮಾಡಿ ಸುದ್ದಿ ಹೇಳಿದರು. ತೋಟ ಕಡಿದು ಅಲ್ಲಿ ಮನೆಗಳೆದ್ದವು. ನಾನು ಮಾತ್ರ ಉಳಿದೆ. ಯಾಕೆ ನಾನು, ಯಾಕೆ ಬೆಟ್ಟಿಯಲ್ಲ ಎಂದು ಡಾಕ್ಟರನ್ನು ಒಮ್ಮೆ ಕೇಳಿದ್ದೆ. ಅವರಿಗೂ ಗೊತ್ತಿರಲಿಲ್ಲ.

ಹೋದ ಭಾನುವಾರ ಅಂಗಡಿಯಿಂದ ಬರುವಾಗ ದೀಪಾ ಕಾರು ಓಡಿಸುತ್ತಾ, ರಸ್ತೆಯ ಮೇಲೆಯೇ ಕಣ್ಣಿಟ್ಟು, ಅವಳ ಇಂಗ್ಲಿಷಿನಲ್ಲಿ ಒಂದು ವಿಷಯ ಹೇಳಿದಳು. ನಾನು ಮಧ್ಯಾಹ್ನ ಮಲಗಿದಾಗ ಭಟ್ಟರು ಅವಳನ್ನು ಹಿಂದಿನ ತೋಟಕ್ಕೆ ಕರೆದುಕೊಂಡು ಹೋಗುತ್ತಿದ್ದರಂತೆ. ಒಂದು ದಿನ ಅವಳು, ಅಮ್ಮ ಸತ್ತುಹೋಗ್ತಾಳಾ ಎಂದು ಕೇಳಿದಳಂತೆ. ಕೇಳಿದ್ದು ಇಂಗ್ಲಿಷಿನಲ್ಲಿ, ಅವರಿಗೆ ತಿಳಿಯಲಿಲ್ಲ. ಅದಕ್ಕೆ ಅವಳು ಹುಲ್ಲಿನ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿ, ಕೈಗಳನ್ನು ಎದೆಯ ಮೇಲಿಟ್ಟು ತೋರಿಸಿದಳಂತೆ.

"ಆಗ ಅವರು ಏನಂದ್ರು?" ಎಂದೆ.

ದೀಪಾಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಅಪರೂಪ. ಆದರೆ ಆ ಮಾತನ್ನು ಅವಳು ಕನ್ನಡದಲ್ಲೇ ಹೇಳಿದಳು, ಮಂಗಳೂರಿನ ರಾಗದ ಸಮೇತ. "ನನಗೆ ಗೊತ್ತಿಲ್ಲ ಮಗಾ. ಇವತ್ತು ಅರ್ಧ ಲೋಟ ಕುಡಿದಿದ್ದಾಳೆ."

ಉಳಿದವರೆಲ್ಲ ಅಮ್ಮನಿಗೆ ಏನೂ ಆಗಿಲ್ಲ ಎನ್ನುತ್ತಿದ್ದರಂತೆ. ಅವಳು ಯಾರನ್ನೂ ನಂಬಲಿಲ್ಲವಂತೆ. ಆಮೇಲೆ ದಿನಾ ಭಟ್ಟರು ಮನೆಗೆ ಹೊರಡುವಾಗ, ಇವತ್ತು ಎಷ್ಟು ಎಂದಷ್ಟೇ ಕೇಳಿಕೊಂಡು ರಾತ್ರಿ ಮಲಗುತ್ತಿದ್ದಳಂತೆ.

ಮಗುವಿಗೆ ಏನೂ ತಿಳಿಯದ ಹಾಗೆ ಆ ವರ್ಷವನ್ನು ದಾಟಿಸಿದೆ ಎಂದು ಇಷ್ಟು ಕಾಲ ನಾನು ಹೆಮ್ಮೆಪಟ್ಟುಕೊಂಡಿದ್ದೆ. ಅವಳ ಜೊತೆ ಆ ಮಾತನ್ನು ಒಂದು ದಿನವೂ ಎತ್ತಿರಲಿಲ್ಲ. ಮನೆ ಬಂತು. ಅವಳು ಇಂಜಿನ್ ಆರಿಸಿದಳು. ಸಾಮಾನು ಇಳಿಸಲು ಬಾಗಿಲಿಗೆ ಕೈ ಹಾಕಿದವಳ ತೋಳು ಹಿಡಿದು, "ಇರು ದೀಪಾ. ಆಗ ನಿನಗೆ ಇನ್ನೂ ಏನೇನು ಗೊತ್ತಿತ್ತು, ಹೇಳು," ಎಂದೆ.

ಅವಳು ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಹೇಳತೊಡಗಿದಳು. ನಾನು ಕೇಳುತ್ತಾ ಕೂತೆ.